ಉಪ್ಪನ ಅಂಬಾಸಿಡರ್ ಮತ್ತು ಮೂರು ಮ್ಯಾನಿಫೋಲ್ಡ್‌ಗಳು

ಜತ್ತ ಎಂದರೆ ಎಲ್ಲಿ ಎಂದು ಮಂಗಳೂರಿನ ಸಂಬಂಧಿಕರು ಈಗಲೂ ಕೇಳುತ್ತಾರೆ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆ, ಆದರೆ ಸಾಂಗ್ಲಿಗಿಂತ ವಿಜಯಪುರವೇ ನಮಗೆ ಹತ್ತಿರ. ಸಂತೆಯಲ್ಲಿ ಅರ್ಧ ಕನ್ನಡ, ಅರ್ಧ ಮರಾಠಿ. ಮನೆಯೊಳಗೆ ಮಾತ್ರ ಬ್ಯಾರಿ. ಉಪ್ಪ ಊರು ಬಿಟ್ಟು ಇಲ್ಲಿಗೆ ಬಂದು ತೆಂಗಿನಕಾಯಿ, ಅಡಿಕೆ, ಒಣಮೀನು, ಮಸಾಲೆಯ ಅಂಗಡಿ ಹಾಕಿದರು. ಕಡಲೇ ಕಾಣದ ಈ ಒಣ ಊರಿನಲ್ಲಿ ಒಣಮೀನು ಯಾರು ತಿನ್ನುತ್ತಾರೆ ಎಂದು ಉಮ್ಮ ನಗುತ್ತಿದ್ದರಂತೆ. ಅಂಗಡಿ ನಡೆಯಿತು. 1994ರಲ್ಲಿ ಉಪ್ಪ ಒಂದು ಸೆಕೆಂಡ್ ಹ್ಯಾಂಡ್ ಅಂಬಾಸಿಡರ್ ಕೊಂಡರು. 1978ರ ಮಾರ್ಕ್ 3, ಪೆಟ್ರೋಲ್, 1489 ಸಿ.ಸಿ. ಇಂಜಿನ್. ಹಿಂದಿನ ಸೀಟು ಕಳಚಿ ಅದರಲ್ಲಿ ತೆಂಗಿನಕಾಯಿ ಚೀಲ ತುಂಬುತ್ತಿದ್ದರು. ಹಬ್ಬಕ್ಕೆ ಊರಿಗೆ ಹೊರಟಾಗ ಸೀಟು ಮತ್ತೆ ಕೂರುತ್ತಿತ್ತು. ನಮ್ಮ ಬಾಲ್ಯಕ್ಕೆ ಅಡಿಕೆ ಮತ್ತು ಪೆಟ್ರೋಲಿನ ವಾಸನೆ ಅಂಟಿಕೊಂಡಿರುವುದು ಹೀಗೆ.

ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಗಲ್ಫ್‌ಗೆ ಹೋದೆ. ನಾಲ್ಕು ವರ್ಷ ಪೈಪ್ ಫ್ಯಾಬ್ರಿಕೇಶನ್ ಮಾಡಿ ವಾಪಸು ಬಂದು, ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ಒಂದು ಟಿಗ್ ವೆಲ್ಡಿಂಗ್ ಮೆಷಿನ್ ಇಟ್ಟೆ. ಹೊಟ್ಟೆಪಾಡಿಗೆ ದಾಳಿಂಬೆ, ದ್ರಾಕ್ಷಿ ತೋಟದವರ ಔಷಧಿ ಪಂಪು, ಟ್ರಾಲಿ, ನೀರಿನ ಟ್ಯಾಂಕರ್. ರಾತ್ರಿ ಹೊತ್ತು ಅಂಬಾಸಿಡರ್. ಅದಕ್ಕೆ ಟರ್ಬೊ ಹಾಕಬೇಕೆಂಬ ಹುಚ್ಚು ಯಾವಾಗ ಹತ್ತಿತೋ ನೆನಪಿಲ್ಲ.

ಟರ್ಬೊ ಎಂದರೆ ಇಷ್ಟೇ. ಇಂಜಿನ್ ಹೊರಗೆ ಬಿಡುವ ಬಿಸಿ ಹೊಗೆ ಒಂದು ಸಣ್ಣ ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡದ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಇಂಜಿನ್ ಒಳಗೆ ತುಂಬುತ್ತದೆ. ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು. ಗಾಳಿ ಹೆಚ್ಚಾದರೆ ಅದಕ್ಕೆ ತಕ್ಕ ಪೆಟ್ರೋಲ್ ಉರಿಸಬಹುದು, ಶಕ್ತಿ ಹೆಚ್ಚುತ್ತದೆ. ಟರ್ಬೊ ಗುಜರಿಯಲ್ಲಿ ಸಿಗುತ್ತದೆ. ನಾನು ತಂದದ್ದು ಹಳೆಯ ಡೀಸೆಲ್ ಕಾರೊಂದರದ್ದು. ಸಿಗದೇ ಇರುವುದು ಅದನ್ನು ಈ ಇಂಜಿನ್ನಿಗೆ ಜೋಡಿಸುವ ಮ್ಯಾನಿಫೋಲ್ಡ್. ಹೊಗೆ ಹೊರಬರುವ ಕಡೆಗೊಂದು, ಗಾಳಿ ಒಳಹೋಗುವ ಕಡೆಗೊಂದು, ಎರಡನ್ನೂ ಕೈಯಲ್ಲೇ ಮಾಡಬೇಕು.

ಅಂಬಾಸಿಡರ್ ಇಂಜಿನ್ ಬ್ರಿಟಿಷ್ ಬಿ.ಎಂ.ಸಿ. ಕಂಪನಿಯ ಬಿ-ಸೀರೀಸ್. ಅದರ ಹೆಡ್ಡಿನಲ್ಲಿ ನಾಲ್ಕು ಸಿಲಿಂಡರಿಗೆ ಐದೇ ದ್ವಾರ. ಗಾಳಿ ಒಳಗೆ ಹೋಗಲು ಎರಡು, ಹೊಗೆಗೆ ಮೂರು, ಐದೂ ಒಂದೇ ಬದಿಯಲ್ಲಿ. ಇದೇ ಕುಟುಂಬದ ಐದು ದ್ವಾರದ ತಮ್ಮ, ಎ-ಸೀರೀಸ್ ಇಂಜಿನ್ನಿಗೆ 1980ರ ದಶಕದಲ್ಲಿ ಎಂ.ಜಿ. ಮೆಟ್ರೊ ಟರ್ಬೊ ಕಾರಿನಲ್ಲಿ ಕಾರ್ಖಾನೆಯವರೇ ಟರ್ಬೊ ಹಾಕಿ ಮಾರಿದ್ದರು. ಅದೂ ಕಾರ್ಬ್ಯುರೇಟರ್ ಇಟ್ಟುಕೊಂಡೇ. ಹಾಗಾಗಿ ಆಗದ ಕೆಲಸವಲ್ಲ ಎಂಬ ಧೈರ್ಯ ನನಗೆ.

ಉಪ್ಪ ಕೇಳಿದ್ದು ಒಂದೇ ಮಾತು. "ಬೇಡವಾದರೆ ಹಳೆಯದನ್ನು ಮತ್ತೆ ಕೂರಿಸಲಿಕ್ಕೆ ಆಗ್ತದಲ್ಲ?"

"ಆಗ್ತದೆ ಉಪ್ಪ" ಎಂದೆ.

ಆ ಮಾತು ಹೇಳುವಾಗ ಹಳೆಯ ಎಕ್ಸಾಸ್ಟ್ ಮ್ಯಾನಿಫೋಲ್ಡನ್ನೇ ಕತ್ತರಿಸಿ ಟರ್ಬೊದ ಫ್ಲಾಂಜ್ ಕೂರಿಸುವ ಯೋಜನೆ ನನ್ನ ತಲೆಯಲ್ಲಿತ್ತು. ಹೊಸದಾಗಿ ಎರಕ ಹೊಯ್ಯಿಸಲು ಕೊಲ್ಹಾಪುರದಲ್ಲಿ ಫೌಂಡ್ರಿಗಳಿಗೆ ಬರವಿಲ್ಲ. ಆದರೆ ಒಂದೇ ಒಂದು ತುಂಡಿಗೆ ಮರದ ಪ್ಯಾಟರ್ನ್ ಮಾಡಿಸುವ ಖರ್ಚಿನಲ್ಲಿ ಇನ್ನೊಂದು ಅಂಬಾಸಿಡರ್ ಬರುತ್ತದೆ. ನಮ್ಮ ಜಿಲ್ಲೆಗೆ ಕಬ್ಬಿಣದ ಹುಚ್ಚು ಹಿಡಿಸಿದವರೂ ಒಬ್ಬ ಕನ್ನಡ ನಾಡಿನವರೇ, ಬೆಳಗಾವಿ ಕಡೆಯ ಲಕ್ಷ್ಮಣರಾವ್ ಕಿರ್ಲೋಸ್ಕರ್. 1910ರಲ್ಲಿ ಔಂಧ್ ಸಂಸ್ಥಾನದ ರಾಜರು ಕೊಟ್ಟ ಬರಡು ಜಾಗದಲ್ಲಿ ಕಿರ್ಲೋಸ್ಕರವಾಡಿ ಕಟ್ಟಿ ನೇಗಿಲು ಮಾಡಿದರು. ಅವರ ಎರಕದ ನೇಗಿಲಿಗೆ ಒಗ್ಗಿದ ರೈತರ ಮೊಮ್ಮಕ್ಕಳು ಇಂದು ನನ್ನ ಶೆಡ್ಡಿಗೆ ರಿಪೇರಿಗೆ ಬರುತ್ತಾರೆ ಎಂದು ನಾನು ಜಂಬ ಕೊಚ್ಚಿಕೊಳ್ಳುವುದುಂಟು.

ಬೀಡು ಕಬ್ಬಿಣವನ್ನು ವೆಲ್ಡ್ ಮಾಡುವುದು ಕಷ್ಟ ಎಂದು ಪುಸ್ತಕದಲ್ಲಿ ಓದಿದ್ದೆ. ಇದ್ದಿಲಿನ ಮೇಲಿಟ್ಟು ಕಾಯಿಸಿ, ನಿಕ್ಕಲ್ ರಾಡ್ ಬಳಸಿ, ನಿಧಾನವಾಗಿ ಆರಲಿ ಎಂದು ಬೂದಿಯಲ್ಲಿ ಹೂತಿಟ್ಟೆ. ರಾತ್ರಿ ಹನ್ನೊಂದರ ಹೊತ್ತಿಗೆ ಶೆಡ್ಡಿನಿಂದ 'ಟಣ್' ಎಂದು ಒಂದೇ ಒಂದು ಸದ್ದು. ಹೋಗಿ ಬೂದಿ ಸರಿಸಿ ನೋಡಿದರೆ ವೆಲ್ಡಿನ ಪಕ್ಕದಲ್ಲೇ ಕೂದಲೆಳೆಯ ಬಿರುಕು, ಈ ಕಡೆಯಿಂದ ಆ ಕಡೆವರೆಗೆ. ಬೆಳಿಗ್ಗೆ ಉಪ್ಪ ಬಂದು ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. ತೆಂಗಿನಕಾಯಿ ಆರಿಸುವವರು ಬೆರಳಲ್ಲಿ ತಟ್ಟಿ ನೋಡುವ ಹಾಗೆ ತಟ್ಟಿದರು. ಒಡೆದ ಸದ್ದು. ಏನೂ ಹೇಳದೆ ಅಂಗಡಿ ಬಾಗಿಲು ತೆರೆಯಲು ಹೋದರು. ಬೈದಿದ್ದರೆ ಸಮಾಧಾನವಾಗುತ್ತಿತ್ತು.

ಎರಡನೆಯದನ್ನು ಸ್ಟೇನ್‌ಲೆಸ್ ಪೈಪಿನಲ್ಲಿ ಮಾಡಿದೆ. 304 ದರ್ಜೆ, ಸುಮಾರು ಮೂರು ಮಿಲಿಮೀಟರ್ ದಪ್ಪ, ಎಲ್ಬೋಗಳನ್ನು ಕತ್ತರಿಸಿ ಜೋಡಿಸಿದ್ದು. ಬಿಸ್ಕತ್ತಿನ ಪೆಟ್ಟಿಗೆಯ ರಟ್ಟಿನಲ್ಲಿ ಗ್ಯಾಸ್ಕೆಟ್ಟಿನ ಅಚ್ಚು ಬರೆದು, ಮೂರೂ ದ್ವಾರಗಳಿಗೆ ಸೇರಿಸಿ ಒಂದೇ ಉದ್ದ ಪಟ್ಟಿಯಲ್ಲಿ ಫ್ಲಾಂಜ್ ಮಾಡಿಸಿದೆ. ನೋಡಲು ಬಹಳ ಚೆಂದ ಇತ್ತು. ಫೋಟೊ ತೆಗೆದು ಗಲ್ಫ್‌ನ ಗೆಳೆಯರಿಗೆಲ್ಲ ಕಳಿಸಿದೆ.

ಗುಹಾಗರ–ವಿಜಯಪುರ ರಸ್ತೆಯಲ್ಲಿ ಓಡಿಸಿ ನೋಡಲು ಹೊರಟೆವು. ಉಪ್ಪ ಪಕ್ಕದಲ್ಲಿ ಕುಳಿತಿದ್ದರು. ಏರು ಹತ್ತುವಾಗ ಮುದಿ ಗಾಡಿ ಬೆನ್ನಿಗೆ ಒದ್ದ ಹಾಗೆ ಮುಂದೆ ಹೋಯಿತು. ಉಪ್ಪನ ಮುಖದಲ್ಲಿ ನಗು ಕಂಡೆ, ಸುಳ್ಳಲ್ಲ. ಎರಡು ಕಿಲೋಮೀಟರ್ ಕಳೆದ ಮೇಲೆ ಟಿಕ್ ಟಿಕ್ ಸದ್ದು, ಆಮೇಲೆ ಟ್ರ್ಯಾಕ್ಟರಿನ ಹಾಗೆ ಬಡಿತ. ಬಾನೆಟ್ ಎತ್ತಿದರೆ ಮೂರನೆಯ ಪೈಪಿನ ಬುಡ ಬಿರಿದು, ಬಿಸಿ ಹೊಗೆ ನೇರ ಕಾರ್ಬ್ಯುರೇಟರಿನ ಕಡೆಗೆ ಊದುತ್ತಿತ್ತು. ಪೆಟ್ರೋಲ್ ಪೈಪಿನ ರಬ್ಬರ್ ಮೆತ್ತಗಾಗಿತ್ತು. ಇನ್ನೈದು ನಿಮಿಷ ಓಡಿಸಿದ್ದರೆ ಏನಾಗುತ್ತಿತ್ತೆಂದು ಯೋಚಿಸಿದರೆ ಈಗಲೂ ಕೈ ತಣ್ಣಗಾಗುತ್ತದೆ. ಉಪ್ಪ ರಸ್ತೆ ಬದಿಯ ಜಾಲಿ ಮರದ ಕೆಳಗೆ ಕುಳಿತು ಬಾಟಲಿಯ ನೀರು ಕುಡಿದರು. "ಹಳೆಯದು ಇದ್ದಿದ್ದರೆ ಹಾಕಿಕೊಂಡು ಮನೆಗೆ ಹೋಗಬಹುದಿತ್ತು" ಎಂದರು. ಅಷ್ಟೇ.

ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತಂದೆವು. ಪಕ್ಕದ ಓಣಿಯ ಹಳೆಯ ಮಿಸ್ತ್ರಿ ಕಾಕಾ ಬಂದು ನೋಡಿದರು. ಓದಿದ್ದು ನಾಲ್ಕನೇ ಇಯತ್ತೆ. "ತಮ್ಮಾ, ಎರಡೂ ಕಡೆ ಬಿಗಿದು ಕಟ್ಟಿ ಬೆಂಕಿ ಹಚ್ಚೀದಿ. ಒಡೀದ ಏನ್ ಮಾಡತೈತದು?" ಎಂದರು.

ನಾಚಿಕೆಯಾದದ್ದು ಇದಕ್ಕೆ: ಗಲ್ಫ್‌ನಲ್ಲಿ ಉಗಿ ಪೈಪಿಗೆ ಹಿಗ್ಗಲು ಜಾಗ ಬಿಟ್ಟು ಲೂಪ್ ಕೊಡುವುದೇ ನನ್ನ ಕೆಲಸವಾಗಿತ್ತು. ಒಂದು ಅಡಿ ಉದ್ದದ ಈ ಸ್ಟೇನ್‌ಲೆಸ್ 600 ಡಿಗ್ರಿ ಬಿಸಿಯೇರಿದರೆ ಸುಮಾರು 3 ಮಿಲಿಮೀಟರ್ ಉದ್ದವಾಗುತ್ತದೆ. ಸಾದಾ ಉಕ್ಕು ಇಷ್ಟು ಹಿಗ್ಗುವುದಿಲ್ಲ. ಒಳಗೆ ನೀರು ಹರಿಯುವ ಹೆಡ್ ಅಂತೂ ಅಷ್ಟು ಬಿಸಿಯೇ ಆಗುವುದಿಲ್ಲ, ಇದ್ದಲ್ಲೇ ಇರುತ್ತದೆ. ಪೈಪು ಹಿಗ್ಗುತ್ತೇನೆ ಎನ್ನುತ್ತದೆ, ಪಟ್ಟಿ ಬಿಡುವುದಿಲ್ಲ. ಸಾಲದ್ದಕ್ಕೆ ಟರ್ಬೊದ ಭಾರವೆಲ್ಲ ಆ ಪೈಪಿನ ಮೇಲೇ ನೇತಾಡುತ್ತಿತ್ತು.

ಮೂರನೆಯದಕ್ಕೆ ಮೂರು ತಿಂಗಳು ಹಿಡಿಯಿತು. ಗುಜರಿಯಿಂದ ಕೆಟ್ಟ ಹೆಡ್ ಒಂದನ್ನು ತಂದು ಮೇಜಿಗೆ ಬಿಗಿದೆ. ಎಲ್ಲ ಜೋಡಣೆಯೂ ಅದರ ಮೇಲೆಯೇ. ಫ್ಲಾಂಜನ್ನು ಮೂರು ಬೇರೆ ಬೇರೆ ತುಂಡು ಮಾಡಿ, ಬೋಲ್ಟಿನ ತೂತುಗಳನ್ನು ಸ್ವಲ್ಪ ಉದ್ದಕ್ಕೆ ಕೊರೆದೆ. ಪೈಪುಗಳಿಗೆ ನೇರ ದಾರಿಯ ಬದಲು ಬಳಸುದಾರಿ ಕೊಟ್ಟೆ, ಹಿಗ್ಗಿದಾಗ ಬಾಗಲಿ ಎಂದು. ಟರ್ಬೊದ ಭಾರ ಹೊರಲು ಇಂಜಿನ್ ಬ್ಲಾಕಿನಿಂದ ಬೇರೆಯೇ ಬ್ರಾಕೆಟ್. ಒಂದು ಕಡೆ ಒಂದಿಂಚು ವೆಲ್ಡ್, ಆಮೇಲೆ ಎದುರು ಕಡೆ ಒಂದಿಂಚು. ವೆಲ್ಡ್ ಮಾಡುವಾಗ ಪೈಪಿನ ಒಳಗೂ ಆರ್ಗಾನ್ ಗ್ಯಾಸ್ ಹರಿಸಬೇಕು. ಇಲ್ಲದಿದ್ದರೆ ಒಳಮೈ ಸುಟ್ಟು ಕಾಳು ಕಾಳಾಗುತ್ತದೆ, ಆ ಕಾಳು ಕಳಚಿ ಟರ್ಬೊದ ಚಕ್ರಕ್ಕೆ ಬಡಿದರೆ ಚಕ್ರ ಹೋಯಿತು. ಎರಡನೆಯದರ ಒಳಮೈ ತೋರಿಸಿದಾಗ ಉಪ್ಪ "ಕರಿ ಬೆಲ್ಲದ ಪುಡಿ ಹಾಗೆ ಉಂಟು" ಎಂದರು. ಪೂರ್ತಿ ಆರಿದ ಮೇಲೆಯೇ ಬೋಲ್ಟ್ ಬಿಚ್ಚಿ, ಸಾಂಗ್ಲಿಗೆ ಒಯ್ದು ಮುಖ ಮಟ್ಟ ಮಾಡಿಸಿದೆ.

ಗಾಳಿ ಕಡೆಯದು ಬೇರೆಯೇ ತಲೆನೋವು. ಎರಡೆರಡು ಸಿಲಿಂಡರಿಗೆ ಒಂದೊಂದು ದ್ವಾರ. ಉರಿಯುವ ಸರದಿ 1-3-4-2. ಹಾಗಾಗಿ ಪ್ರತಿ ದ್ವಾರದಲ್ಲೂ ಒಳಗಿನ ಸಿಲಿಂಡರ್ ಮೊದಲು ಎಳೆದುಕೊಳ್ಳುತ್ತದೆ, ಬೆನ್ನಿಗೇ ಹೊರಗಿನದು. ಮದುವೆ ಮನೆಯಲ್ಲಿ ಒಂದೇ ದೊಡ್ಡ ತಟ್ಟೆಗೆ ಕೂತಾಗ ಮೊದಲು ಕೈ ಹಾಕಿದವನಿಗೆ ಮಾಂಸದ ತುಂಡು, ನಂತರದವನಿಗೆ ಬರೀ ಅನ್ನ, ಹಾಗೆ. ಸ್ಪಾರ್ಕ್ ಪ್ಲಗ್ಗುಗಳ ಬಣ್ಣವೇ ಬೇರೆ ಬೇರೆ ಬರುತ್ತಿತ್ತು. ಅಲ್ಯೂಮಿನಿಯಂ ತಗಡಿನಲ್ಲಿ ದೊಡ್ಡ ಹೊಟ್ಟೆಯ ಪೆಟ್ಟಿಗೆ ಮಾಡಿ ಸುಧಾರಿಸಿದೆ, ಪೂರ್ತಿ ಸರಿಯಾಗಿಲ್ಲ. ಒತ್ತಿದ ಗಾಳಿ ಕಾರ್ಬ್ಯುರೇಟರ್ ಮೂಲಕ ಹೋಗುವುದರಿಂದ ಅದರ ಪೆಟ್ರೋಲ್ ಬಟ್ಟಲಿಗೂ ಅದೇ ಒತ್ತಡ ಕೊಡಬೇಕು. ಇಲ್ಲದಿದ್ದರೆ ಪೆಟ್ರೋಲ್ ಹೊರಗೇ ಬರುವುದಿಲ್ಲ. ಪಂಪು ಅದಕ್ಕಿಂತ ಜೋರಾಗಿ ತಳ್ಳಬೇಕು, ಹಳೆಯ ಪಂಪಿಗೆ ಆ ಶಕ್ತಿ ಇಲ್ಲ, ಎಲೆಕ್ಟ್ರಿಕ್ ಪಂಪ್ ಬಂತು. ಎರಡು ಮ್ಯಾನಿಫೋಲ್ಡೂ ಒಂದೇ ಬದಿಗೆ ಇರುವುದರಿಂದ ಜತ್ತದ ಏಪ್ರಿಲ್ ಬಿಸಿಲಿಗೆ ಬಟ್ಟಲಿನ ಪೆಟ್ರೋಲ್ ಕುದಿಯುತ್ತಿತ್ತು. ನಡುವೆ ಉಪ್ಪನ ಅಂಗಡಿಯ 15 ಕಿಲೋ ಎಣ್ಣೆ ಡಬ್ಬಿಯ ತಗಡು ಬಿಡಿಸಿ ಅಡ್ಡ ಇಟ್ಟೆ. ಅದರ ಮೇಲೆ ಶೇಂಗಾ ಎಣ್ಣೆಯ ಚಿತ್ರ ಈಗಲೂ ಇದೆ. ಒತ್ತಡ 0.35 ಬಾರ್ ದಾಟಿಸುವುದಿಲ್ಲ. ಡೀಸೆಲ್ ಟರ್ಬೊ ಪೆಟ್ರೋಲಿನ ಬಿಸಿಯನ್ನು ಹೆಚ್ಚು ಹೊತ್ತು ತಡೆಯುವುದಿಲ್ಲ.

ಕಾನೂನಿನ ಮಾತೂ ಇದೆ, ನಮ್ಮ ಹುಡುಗರು ತಿಳಿದಿರಲಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಗಾಡಿಯನ್ನು ಕಂಪನಿ ಕೊಟ್ಟದ್ದಕ್ಕಿಂತ ಬೇರೆಯಾಗಿ ಮಾರ್ಪಡಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ನಾನು ಹೆದ್ದಾರಿಯಲ್ಲಿ ಓಡಿಸಿದ್ದು ತಪ್ಪೇ. ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಈಗ ಗೆಳೆಯನೊಬ್ಬನ ದಾಳಿಂಬೆ ತೋಟದ ಒಳದಾರಿಯಲ್ಲಿ ಮಾತ್ರ. ಇನ್ನೊಂದು ವಿಷಯ ತಡವಾಗಿ ತಿಳಿಯಿತು: 2021ರ ನಿಯಮದಂತೆ 50 ವರ್ಷ ದಾಟಿದ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಬಹುದು, ಆದರೆ ಇಂಜಿನ್, ಬಾಡಿ ಮೂಲ ರೂಪದಲ್ಲಿ ಇರಬೇಕು. ನಮ್ಮದಕ್ಕೆ 2028ರಲ್ಲಿ ಐವತ್ತು.

ಇದನ್ನು ಉಪ್ಪನಿಗೆ ಹೇಳಿದ ಮರುವಾರವೇ ನಾನು ಗುಜರಿ ಸುತ್ತಲು ಶುರುಮಾಡಿದೆ. ಮಿರಜ್, ಕೊಲ್ಹಾಪುರ, ಬೆಳಗಾವಿ, ಎಲ್ಲೂ ಇಲ್ಲ. ಸಿಕ್ಕಿದ್ದು ವಿಜಯಪುರದಲ್ಲಿ, ಟೈರುಗಳ ರಾಶಿಯ ಕೆಳಗೆ, ತುಕ್ಕು ಹಿಡಿದ ಮಾರ್ಕ್ 3ರ ಎಕ್ಸಾಸ್ಟ್ ಮ್ಯಾನಿಫೋಲ್ಡ್. ಮನೆಗೆ ತಂದು ಉಪ್ಪನ ಕೈಗೆ ಕೊಟ್ಟೆ. ಬೆರಳಲ್ಲಿ ತಟ್ಟಿದರು. ಗಂಟೆಯ ಹಾಗೆ ಸದ್ದು ಬಂತು.

"ಇದು ನಮ್ಮದಲ್ಲ, ಆದರೆ ಒಳ್ಳೇದುಂಟು" ಎಂದರು.

ಕಳೆದ ಹಬ್ಬಕ್ಕೆ ಊರಿಗೆ ಹೊರಡುವ ಮುನ್ನ ಇಬ್ಬರೂ ಸೇರಿ ಟರ್ಬೊ ಬಿಚ್ಚಿ ಅದನ್ನು ಕೂರಿಸಿದೆವು. ನಾಲ್ಕು ಗಂಟೆಯ ಕೆಲಸ. ಸ್ಪಾನರ್ ಹಿಡಿದವರು ಉಪ್ಪ. ಉಮ್ಮ ಪಿಂಡಿ ಕಟ್ಟಿಕೊಟ್ಟರು, ಹಿಂದಿನ ಸೀಟಿನಲ್ಲಿ ನನ್ನ ಮಕ್ಕಳು. ಗಾಡಿ ಮೊದಲಿನಷ್ಟೇ ನಿಧಾನ.

ನನ್ನ ಮೂರನೆಯ ಮ್ಯಾನಿಫೋಲ್ಡ್ ಸದ್ಯ ಅಂಗಡಿಯಲ್ಲಿ, ತಕ್ಕಡಿಯ ಪಕ್ಕದ ಮೊಳೆಗೆ ನೇತಾಡುತ್ತಿದೆ. ಬಿಸಿಗೆ ನೀಲಿ, ಬಂಗಾರದ ಬಣ್ಣ ಬಂದಿದೆ. ಮೊನ್ನೆ ಗುಡ್ಡಾಪುರ ದಾನಮ್ಮನ ದರ್ಶನ ಮುಗಿಸಿ ಬಂದ ಹೆಂಗಸೊಬ್ಬರು ತೆಂಗಿನಕಾಯಿ ಕೊಳ್ಳುತ್ತಾ, "ಇದೇನ್ರಿ ಚಾಚಾ, ಊದೋ ವಾದ್ಯ ಏನ್ರಿ? ಎಷ್ಟಕ್ಕ ಕೊಡ್ತೀರಿ?" ಎಂದು ಕೇಳಿದರು.

"ಅದು ಮಾರಾಟಕ್ಕಿಲ್ಲಮ್ಮ, ಮಗ ಮಾಡಿದ್ದು" ಎಂದರು ಉಪ್ಪ, ಕಾಯಿ ತಟ್ಟುತ್ತಾ.