ಗಾಲಿಯ ಮೇಲೊಂದು ಸಂಸಾರ: ಇಂಡಿಯಿಂದ ಬಾಗೇವಾಡಿಯವರೆಗೆ

ಮನೆಯನ್ನೇ ಕಟ್ಟಿಕೊಂಡು ಸಂಚರಿಸುವುದು ನಮ್ಮ ಭಾಗದ ಜನರಿಗೆ ಹೊಸದೇನಲ್ಲ. ಯುಗಾದಿಗೆ ಮುನ್ನ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುವ ಭಕ್ತಸಮೂಹದ ಹಿಂದೆ ರೊಟ್ಟಿಯ ಗಂಟು, ಹಾಸಿಗೆ, ಪಾತ್ರೆ ಹೊತ್ತ ಬಂಡಿಗಳು ಸಾಗುತ್ತಿದ್ದುದನ್ನು ಹಿರಿಯ ಓದುಗರು ಬಲ್ಲರು. ಜಾತ್ರೆಗೆ ಕೊಲ್ಲಾರಿ ಬಂಡಿ ಕಟ್ಟಿಕೊಂಡು ಹೋಗಿ, ಅದರ ಮಗ್ಗುಲಲ್ಲೇ ಒಲೆ ಹೂಡಿ, ಮೂರು ದಿನ ಸಂಸಾರ ಮಾಡಿ ಬರುತ್ತಿದ್ದ ಕಾಲವೂ ಇತ್ತು. ನಾವು ದಂಪತಿಗಳು ಸೇವಾನಿವೃತ್ತಿಯ ತರುವಾಯ ಎತ್ತುಗಳ ಬದಲು ಡೀಸೆಲ್ ಎಂಜಿನ್ನನ್ನು ಹೂಡಿದೆವು, ಅಷ್ಟೆ.

ಹಳೆಯ ವ್ಯಾನೊಂದನ್ನು ಕೊಂಡು ಹಿಂದಿನ ಆಸನಗಳನ್ನು ತೆಗೆಸಿ ಎರಡು ಹಲಗೆಮಂಚ, ಒಂದು ಕಪಾಟು, 60 ಲೀಟರಿನ ನೀರಿನ ತೊಟ್ಟಿ ಮಾಡಿಸಿದೆವು. ಇಂಥ ಮಾರ್ಪಾಡಿಗೆ ಸಾರಿಗೆ ಕಚೇರಿಯ ಒಪ್ಪಿಗೆ ಬೇಕು, ನೋಂದಣಿ ಪತ್ರದಲ್ಲಿ ಅದು ನಮೂದಾಗಬೇಕು. ಈ ಆಸೆಯುಳ್ಳವರು ಬಡಗಿಯ ಬಳಿಗೆ ಹೋಗುವ ಮೊದಲು ಅಲ್ಲಿಗೆ ಹೋಗುವುದು ಲೇಸು. ಅಡುಗೆಯ ಚಿಕ್ಕ ಸಿಲಿಂಡರನ್ನು ಒಳಗೆ ಹೊತ್ತಿಸುವುದಿಲ್ಲವೆಂಬುದು ನಾವೇ ಹಾಕಿಕೊಂಡ ನೇಮ. ಒಲೆ ಯಾವಾಗಲೂ ಹೊರಗೆ, ಗಾಳಿಗೆ ಮರೆಯಾಗಿ.

ಹೊರಡುವ ಮುನ್ನ ಇತ್ಯರ್ಥವಾಗಬೇಕಾದ ಸಂಗತಿ ಇನ್ನೊಂದಿತ್ತು. ನಮ್ಮಿಬ್ಬರಲ್ಲಿ ಶಾಲೆಯಲ್ಲಿ ಕಲಿಸಿದವರಿಗೆ ಸರಕಾರ ನಿವೃತ್ತಿ ಕೊಟ್ಟಿತು. ಮನೆ ನಡೆಸಿದವರಿಗೆ ಕೊಡುವವರು ಯಾರು? ಊರೂರು ಸುತ್ತಿಯೂ ಒಬ್ಬರೇ ಒಲೆಯ ಮುಂದೆ ಕುಳಿತರೆ ಅದು ಯಾತ್ರೆಯಲ್ಲ, ಅಡುಗೆಮನೆಯ ವರ್ಗಾವಣೆ. ಮೇಲಾಗಿ ವ್ಯಾನು ನಡೆಸಲು ಒಬ್ಬರಿಗೇ ಬರುತ್ತಿತ್ತು. ನಡುರಾತ್ರಿ ಅವರಿಗೇ ಎದೆನೋವು ಬಂದರೆ? ಈ ಪ್ರಶ್ನೆ ನಮ್ಮನ್ನು ಬಹಳ ದಿನ ಕಾಡಿತು. ಕೊನೆಗೆ ಒಬ್ಬರು ಅಡುಗೆ ಕಲಿಯುವುದು, ಇನ್ನೊಬ್ಬರು ವಾಹನ ಕಲಿತು ಲೈಸೆನ್ಸ್ ಪಡೆಯುವುದು ಎಂದು ಗೊತ್ತಾಯಿತು. 58ರ ವಯಸ್ಸಿನಲ್ಲಿ ಲೈಸೆನ್ಸ್ ಕೈಗೆ ಬಂದ ಮೇಲೆಯೇ ವಿಜಯಪುರ ಬಿಟ್ಟೆವು.

ಮೊದಲ ಬೀಡು ಇಂಡಿ. ಇಲ್ಲಿಯ ಲಿಂಬೆಗೆ 2023ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ದೊರೆತಿದೆ. ತೋಟದ ಬದಿಯಲ್ಲಿ ನಿಂತಿದ್ದಾಗ ಒಕ್ಕಲಿಗರೊಬ್ಬರು ಮಡಿಲು ತುಂಬ ಹಣ್ಣು ತಂದು ಸುರಿದು, ಒಳಗೆ ಇಣುಕಿ, "ಅಜ್ಜಾರ, ಮನೀ ಬಿಟ್ಟು ಬಂದೀರೋ, ಮನೀನ ತಗೊಂಡ ಬಂದೀರೋ?" ಎಂದರು. ಉತ್ತರ ನಮಗೂ ತಿಳಿದಿರಲಿಲ್ಲ. ಇದೇ ತಾಲ್ಲೂಕಿನ ಸಾಲೋಟಗಿಯ ಶಾಸನ ಕ್ರಿ.ಶ. 945ರದು, ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ್ದು. ದೂರದ ನಾಡುಗಳಿಂದ ಬಂದ ವಿದ್ಯಾರ್ಥಿಗಳ ವಾಸಕ್ಕೆ ಅಲ್ಲಿ 27 ಮನೆಗಳಿದ್ದವು. ದೀಪದ ವೆಚ್ಚಕ್ಕೂ ಭೂಮಿಯ ದತ್ತಿ ಇತ್ತು. ಪರಸ್ಥಳದವರಿಗೆ ಇರುಳಿನ ಬೆಳಕೂ ಬೇಕೆಂದು ಯೋಚಿಸಿದ ನೆಲವಿದು.

ನಮ್ಮ ದಿನಚರಿ ಸರಳ. ನಸುಕಿನಲ್ಲಿ ಎದ್ದು, ಮಠದ ಅಥವಾ ಗುಡಿಯ ನಳದಲ್ಲಿ ಒಂದೊಂದು ಬಕೆಟ್ ನೀರಿನಲ್ಲಿ ಸ್ನಾನ. ಹಲಗೆಮಂಚದ ಮೇಲೆಯೇ ಇಷ್ಟಲಿಂಗ ಪೂಜೆ. ಅನಂತರ ಚಹಾ, ರಕ್ತದೊತ್ತಡದ ಗುಳಿಗೆ. ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿಗಳಿದ್ದರೆ ಪಯಣಿಗರಿಗೆ ಇನ್ನೇನು ಬೇಕು? ಮೊಸರು ದಾರಿಯಲ್ಲಿ ಸಿಗುತ್ತದೆ. ಹಸಿ ಅಡುಗೆ ದಿನಕ್ಕೊಂದೇ ಬಾರಿ. ದಾಸೋಹವಿದ್ದಲ್ಲಿ ಪ್ರಸಾದ ಸ್ವೀಕರಿಸಿದೆವು. ಆದರೆ ಕಾಯಿಪಲ್ಲೆ ಹೆಚ್ಚಿಕೊಡದೆ, ಪಾತ್ರೆ ಬೆಳಗದೆ ಹೊರಡಲಿಲ್ಲ. ತೊಟ್ಟಿಯ ನೀರನ್ನು ಎರಡು ದಿನಕ್ಕೆ ಸರಿದೂಗಿಸುವಾಗ, ಕೊಡ ಹೊತ್ತ ನಮ್ಮ ತಾಯಂದಿರ ನೆನಪು ಬರುತ್ತಿತ್ತು. ರಾತ್ರಿ ಎರೆಹೊಲದ ಅಂಚಿಗೆ ಇಳಿಯುತ್ತಿರಲಿಲ್ಲ; ಒಂದು ಹದ ಮಳೆಯಾದರೂ ಕರಿಮಣ್ಣು ಗಾಲಿಯನ್ನು ಬಿಡುವುದಿಲ್ಲ.

ಸಿಂದಗಿಯಲ್ಲಿ ಒಂದೇ ರಾತ್ರಿ ತಂಗಿದೆವು. ಅಲ್ಲಿಂದ ತಾಳಿಕೋಟೆಯತ್ತ ಹೋಗುವಾಗ ಚುಕ್ಕಾಣಿ ಕೈ ಬದಲಾಯಿಸಿತು. ಇಬ್ಬದಿಯೂ ತೆನೆ ಹಾಲುಗಟ್ಟಿದ ಬಿಳಿಜೋಳ. ಹೋಟೆಲಿನ ಮುಂದೆ ಇಳಿದಾಗ ಹಿರಿಯರೊಬ್ಬರು, "ಅಕ್ಕಾರು ಗಾಡಿ ಹೊಡ್ಯಾಕತ್ತಾರ, ಸಾಹೇಬ್ರು ರೊಟ್ಟಿ ಬಡಿತಾರೇನು?" ಎಂದು ನಕ್ಕರು. "ಬಡಿಯಾಕ ಬರೂದಿಲ್ಲರಿ, ಚಪಾತಿ ಲಟ್ಟಸ್ತೀನಿ" ಎಂಬುದು ನಿಜವಾದ ಉತ್ತರವಾಗಿತ್ತು.

ಮುದ್ದೇಬಿಹಾಳದಿಂದ ಕೃಷ್ಣೆಯ ದಂಡೆಯ ತಂಗಡಗಿಗೆ ಹೋದೆವು. 1565ರ ರಕ್ಕಸತಂಗಡಗಿ ಯುದ್ಧದ ಹೆಸರಿನಲ್ಲಿರುವ ಊರು ಇದೇ ಎನ್ನುತ್ತಾರೆ. ನಮ್ಮನ್ನು ಎಳೆದದ್ದು ಯುದ್ಧವಲ್ಲ, ತಾಯಿ ನೀಲಾಂಬಿಕೆ. ಬಸವಣ್ಣನವರು ಸಂಗಮಕ್ಕೆ ಬರಹೇಳಿ ಕಳುಹಿಸಿದಾಗ, ಹಡಪದ ಅಪ್ಪಣ್ಣನವರೊಡನೆ ಕಲ್ಯಾಣದಿಂದ ಹೊರಟ ಆ ಮಹಾತಾಯಿಗೆ ಪತಿಯು ಲಿಂಗೈಕ್ಯರಾದ ವಾರ್ತೆ ತಲುಪಿದ್ದು ಇಲ್ಲಿಯೇ, ಅವರು ಐಕ್ಯರಾದದ್ದೂ ಇಲ್ಲಿಯೇ ಎಂಬುದು ಪರಂಪರೆಯ ನಂಬಿಕೆ. ಆ ಸ್ಥಳದಲ್ಲಿ ನಾವು ಬಹಳ ಹೊತ್ತು ಮಾತಿಲ್ಲದೆ ಕುಳಿತೆವು. ಬಳಿಕ, ಮನೆಯಲ್ಲಿ ಎಂದೂ ಆಡದ ಮಾತನ್ನು ಆಡಿದೆವು: ನಮ್ಮಲ್ಲಿ ಯಾರು ಮೊದಲು, ಉಳಿದವರು ಎಲ್ಲಿ ಇರಬೇಕು, ಮಕ್ಕಳಿಗೆ ಏನು ಹೇಳಬೇಕು, ಪಿಂಚಣಿಯ ಕಾಗದಗಳು ಯಾವ ಪೆಟ್ಟಿಗೆಯಲ್ಲಿವೆ. ನದಿಯ ಮೇಲೆ ಬಿಸಿಲು ಇಳಿಯುವಷ್ಟರಲ್ಲಿ ಎಲ್ಲವೂ ಮುಗಿದಿತ್ತು. ಆ ರಾತ್ರಿ ಚೆನ್ನಾಗಿ ನಿದ್ರೆ ಬಂದಿತು.

ಆಲಮಟ್ಟಿಯ ಅಣೆಕಟ್ಟಿಗೆ ಲಾಲಬಹಾದ್ದೂರ ಶಾಸ್ತ್ರಿಗಳು ಶಂಕುಸ್ಥಾಪನೆ ಮಾಡಿದ್ದು 1964ರ ಮೇ 22ರಂದು. 123 ಟಿ.ಎಂ.ಸಿ. ನೀರು ಹಿಡಿಯುವ ಸಾಗರದ ದಂಡೆಯಲ್ಲಿ ನಾವು ತೊಟ್ಟಿ ತುಂಬಲು ನಳ ಹುಡುಕುತ್ತಿದ್ದುದು ನಗುವ ವಿಷಯವೇ ಸರಿ.

ಬಸವನ ಬಾಗೇವಾಡಿ ಮುಟ್ಟಿದ್ದು ಸಂಜೆ. ನಂದಿಯ ರೂಪದಲ್ಲಿ ಬಸವೇಶ್ವರನನ್ನು ಪೂಜಿಸುವ ಗುಡಿಗೂ, ಬಸವಣ್ಣನವರು ಜನಿಸಿದ ಮನೆಯ ನೆಲೆಯಲ್ಲಿರುವ ಸ್ಮಾರಕಕ್ಕೂ ಹೋಗಿ ಬಂದೆವು. ವ್ಯಾನಿನ ಬಳಿ ಚಪಾತಿ, ಬದನೆಕಾಯಿ ಪಲ್ಲೆ ಸಿದ್ಧವಾದವು. ಉಪ್ಪು ತುಸು ಮುಂದಾಗಿತ್ತು, ಇಂಡಿಯ ಲಿಂಬೆ ಹಿಂಡಿದ ಮೇಲೆ ಸರಿಹೋಯಿತು. ಮರುದಿನ ತಾಯಿ ಮಾದಲಾಂಬಿಕೆಯ ತವರೆಂದು ಹೇಳುವ ಇಂಗಳೇಶ್ವರದ ದಾರಿ. ವ್ಯಾನಿನ ಕೀಲಿಕೈ ಆಗಲೇ ಸೆರಗಿನ ಗಂಟಿನಲ್ಲಿತ್ತು.