ಬೀಗ ಹಾಕಿದ ಇಳಿಜಾರು

ಅಕ್ಕನ ಮಗಳನ್ನು ಕರೆದುಕೊಂಡು ಮುಂಬೈಯ ವಡಾಲದ ಕಾಲೇಜೊಂದಕ್ಕೆ ಪ್ರವೇಶ ಕೇಳಲು ಹೋಗಿದ್ದೆ. ಅವಳು ಓಡಾಡುವುದು ಗಾಲಿಕುರ್ಚಿಯಲ್ಲಿ. ಇಳಿಜಾರು ಇತ್ತು, ನಿಜ. ಆದರೆ ಅದರ ತುದಿಯ ಬಾಗಿಲಿಗೆ ಬೀಗ. ಕೀಲಿ ಇಟ್ಟುಕೊಂಡವರು ಊಟಕ್ಕೆ ಹೋಗಿದ್ದರು. ಅರ್ಧ ಗಂಟೆ ಬಿಸಿಲಲ್ಲಿ ಕೂತಳು ಹುಡುಗಿ, ಫೈಲನ್ನು ತಲೆಗೆ ಅಡ್ಡ ಹಿಡಿದು. ‘ಬಿಡು ಚಿಕ್ಕಮ್ಮಾ, ಅಭ್ಯಾಸ ಆಗಿದೆ’ ಅಂದಳು. ಹದಿನೇಳರ ಹುಡುಗಿಗೆ ಇದು ಯಾಕೆ ಅಭ್ಯಾಸ ಆಗಬೇಕು?

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ. 5 ಸೀಟು ಮೀಸಲಿಡಬೇಕು ಎನ್ನುತ್ತದೆ. ಸೀಟು ಸಿಕ್ಕಿದ ಮೇಲೆ ತರಗತಿಯವರೆಗೆ ಹೋಗುವುದು ಹೇಗೆ? 1 ಅಡಿ ಎತ್ತರ ಏರಲು 12 ಅಡಿ ಉದ್ದದ ಇಳಿಜಾರು ಬೇಕು. ಎಷ್ಟೋ ಕಡೆ ಮೆಟ್ಟಿಲ ಮೇಲೆ ಹಲಗೆ ಒರಗಿಸಿದಷ್ಟು ಕಡಿದಾಗಿ ಕಟ್ಟಿರುತ್ತಾರೆ.

ಮನಸ್ಸು ಮಾಡಿದರೆ ಆಗುತ್ತದೆ. ಇದೇ ಮುಂಬೈಯ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ದೃಷ್ಟಿ ಇಲ್ಲದ ವಿದ್ಯಾರ್ಥಿಗಳಿಗೆಂದೇ 2003ರಿಂದ ಒಂದು ಕೇಂದ್ರ ನಡೆಯುತ್ತಿದೆ. ಪರದೆಯ ಮೇಲಿನದನ್ನು ಓದಿ ಹೇಳುವ ಕಂಪ್ಯೂಟರ್ ಅಲ್ಲಿದೆ.

ಅಕ್ಕನ ಮಗಳಿಗೆ ವಡಾಲದ ಕಾಲೇಜಿನಲ್ಲಿ ಪ್ರವೇಶ ಸಿಕ್ಕಿತು. ಸೋಮವಾರ ಮೊದಲ ಕ್ಲಾಸು. ಆ ಬಾಗಿಲ ಕೀಲಿ ಯಾರ ಹತ್ತಿರ ಇರುತ್ತದೆಂದು ನಾಳೆಯೇ ಹೋಗಿ ಕೇಳಿ ಬರುತ್ತೇನೆ.