ಬೇಡಿದ್ದು ಮಳೆ, ಬಂದದ್ದು ಹೊಳೆ

ಬೆಳಗಾವಿಯಿಂದ ಮೀರಜ್ ಕಡೆಗೆ ಹೋಗುವ ರೈಲಿನಲ್ಲಿ ನೀವು ಎಂದಾದರೂ ಪ್ರಯಾಣಿಸಿದ್ದರೆ ಚಿಕ್ಕೋಡಿ ರೋಡ್, ರಾಯಬಾಗ, ಚಿಂಚಲಿ, ಕುಡಚಿ, ಉಗಾರ, ಶೇಡಬಾಳ ಎಂಬ ನಿಲ್ದಾಣಗಳು ಒಂದರ ಹಿಂದೊಂದು ಬಂದದ್ದು ನೆನಪಿರಬಹುದು. (ಚಿಕ್ಕೋಡಿ ರೋಡ್‌ನಲ್ಲಿ ಇಳಿದರೆ ಚಿಕ್ಕೋಡಿ ಪೇಟೆ ಸಿಗುವುದಿಲ್ಲ, ಅಲ್ಲಿಂದ ಇನ್ನೂ ದೂರವಿದೆ. ಹೊಸಬರು ಮೋಸಹೋಗಬೇಡಿ.) ಕುಡಚಿ ದಾಟಿದೊಡನೆ ರೈಲು ಕೃಷ್ಣಾ ನದಿಯ ಸೇತುವೆಯ ಮೇಲೆ ಸದ್ದು ಮಾಡುತ್ತಾ ಸಾಗುತ್ತದೆ. ಎರಡೂ ದಂಡೆಗಳಲ್ಲಿ ಕಣ್ಣು ಹಾಯಿಸಿದಷ್ಟು ದೂರ ಕಬ್ಬು. ಇಷ್ಟು ಹಸಿರಿರುವ ಸೀಮೆಯಲ್ಲಿ ನೀರಿಗಾಗಿ ಯಾರಾದರೂ ಅಳುತ್ತಾರೆಯೇ ಎಂದು ನಿಮಗೆ ಅನ್ನಿಸಬಹುದು.

2019ರ ಬೇಸಿಗೆಯಲ್ಲಿ ಅತ್ತಿದ್ದರು. ಆ ವರ್ಷ ರಮಝಾನ್ ಮೇ ತಿಂಗಳಲ್ಲಿ ಬಂತು. ಕೃಷ್ಣೆ ಬತ್ತಿ ಬಂಡೆಗಳು ಎದ್ದು ಕಾಣುತ್ತಿದ್ದವು. ಕೊಯ್ನಾ ಅಣೆಕಟ್ಟಿನಿಂದ ಸ್ವಲ್ಪ ನೀರು ಬಿಡಿ ಎಂದು ನಮ್ಮ ಸರಕಾರ ಮಹಾರಾಷ್ಟ್ರವನ್ನು ಕೇಳಿಕೊಳ್ಳುತ್ತಿತ್ತು. ಉಪವಾಸ ಹಿಡಿದ ಹೆಣ್ಣುಮಕ್ಕಳು ಬಿಸಿಲಲ್ಲಿ ಕೊಡ ಹಿಡಿದು ಟ್ಯಾಂಕರ್ ಕಾಯಬೇಕಾಗಿತ್ತು. ಅದೇ ವರ್ಷ ಬಕ್ರೀದ್ ಬಂದದ್ದು ಆಗಸ್ಟ್ 12ರಂದು. ಅಷ್ಟರಲ್ಲಿ ಅದೇ ನದಿ ಉಕ್ಕಿ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ದಂಡೆಯ ಊರುಗಳನ್ನು ನುಂಗಿತ್ತು. ಹೆಚ್ಚಿನವರ ಈದ್ ಕಳೆದದ್ದು ಶಾಲೆಗಳಲ್ಲಿ ತೆರೆದ ಗಂಜಿ ಕೇಂದ್ರಗಳಲ್ಲಿ, ನೆಂಟರ ಮನೆಗಳಲ್ಲಿ.

ದಂಡೆಯ ಊರೊಂದರಲ್ಲಿ ಆಡು ಸಾಕಿಕೊಂಡಿರುವ ಒಬ್ಬ ತಾಯಿ ನನ್ನನ್ನು ಕೂರಿಸಿಕೊಂಡು ಕೇಳಿದರು:

"ಆಪಾ, ರಮಝಾನ್‌ದಾಗ ನೀರಿಗಾಗಿ ದುಆ ಮಾಡಿದ್ವಿ. ಬಕ್ರೀದಕ್ಕ ಮನೀನೇ ಹೋತು. ಅಲ್ಲಾಹ್ ನಮ್ ದುಆ ಕೇಳ್ಲಿಲ್ಲಂತ ತಿಳಕೊಳ್ಳೋದೋ, ಕೇಳಿದಾಂತ ತಿಳಕೊಳ್ಳೋದೋ?"

ಪಕ್ಕದಲ್ಲಿದ್ದ ಹೆಣ್ಣುಮಗಳು "ಹಂಗ್ ಅನಬ್ಯಾಡ, ತೌಬಾ ಮಾಡು" ಎಂದು ಅವರನ್ನು ಸುಮ್ಮನಾಗಿಸಲು ನೋಡಿದಳು. ನನಗೆ ಹಾಗೆ ಅನ್ನಿಸಲಿಲ್ಲ. ಸತ್ತವರನ್ನು ಹೇಗೆ ಎಬ್ಬಿಸುತ್ತೀ ತೋರಿಸು ಎಂದು ಕೇಳಿದವರು ಪ್ರವಾದಿ ಇಬ್ರಾಹೀಮ್(ಅ). ನಂಬಿಕೆಯಿಲ್ಲದೆ ಅಲ್ಲ, ಮನಸ್ಸಿಗೆ ನೆಮ್ಮದಿ ಬೇಕಾಗಿ ಕೇಳಿದರು. ಅಲ್ಲಾಹನು ಗದರಿಸಲಿಲ್ಲ, ತೋರಿಸಿಕೊಟ್ಟನು.

ಆ ತಾಯಿಯ ಪ್ರಶ್ನೆಗೆ ತೀರ ಹತ್ತಿರವಾದ ಘಟನೆಯೊಂದು ಬುಖಾರಿಯಲ್ಲಿದೆ. ಹಝ್ರತ್ ಅನಸ್(ರ) ಹೇಳುತ್ತಾರೆ: ಒಂದು ಜುಮಾ ದಿನ ಪ್ರವಾದಿವರ್ಯರು(ಸ) ಖುತ್ಬಾ ಕೊಡುತ್ತಿದ್ದಾಗ ಒಬ್ಬಾತ ಮಸೀದಿಯೊಳಗೆ ಬಂದು, ಜಾನುವಾರು ಸಾಯುತ್ತಿವೆ, ಮಳೆಗಾಗಿ ಪ್ರಾರ್ಥಿಸಿ ಎಂದ. ಆಕಾಶದಲ್ಲಿ ಮೋಡದ ತುಣುಕೂ ಇರಲಿಲ್ಲ. ಪ್ರವಾದಿವರ್ಯರು(ಸ) ಕೈಯೆತ್ತಿದರು. ಮಳೆ ಹಿಡಿಯಿತು, ವಾರವಿಡೀ ಸೂರ್ಯ ಕಾಣಿಸಲಿಲ್ಲ. ಮುಂದಿನ ಜುಮಾದಂದು ಮತ್ತೆ ಒಬ್ಬಾತ ಎದ್ದು ನಿಂತ. ಅವನೇ ಇರಬಹುದು, ಬೇರೆಯವನೂ ಇರಬಹುದು. ಸೊತ್ತು ಹಾಳಾಯಿತು, ದಾರಿ ಕಡಿದುಹೋಯಿತು, ಮಳೆ ನಿಲ್ಲಿಸುವಂತೆ ಕೇಳಿ ಎಂದ. 'ಬೇಡಿದವರು ನೀವೇ ಅಲ್ಲವೇ' ಎಂಬ ಮಾತು ಅಲ್ಲಿ ಬರಲಿಲ್ಲ. ಮಳೆ ನಮ್ಮ ಮೇಲೆ ಬೇಡ, ಸುತ್ತಲಿನ ಗುಡ್ಡ ಕಣಿವೆಗಳಲ್ಲಿ ಸುರಿಯಲಿ ಎಂದು ಪ್ರಾರ್ಥಿಸಿದರು.

ಬೇಡಿದವನೇ ಬೇಡ ಎಂದು ಮರಳಿ ಬರಬಹುದು ಎನ್ನುವುದು ನನಗೆ ಈ ಘಟನೆಯಲ್ಲಿ ಬಹಳ ದೊಡ್ಡದಾಗಿ ಕಂಡಿದೆ. ದುಆಗೆ ಮೂರು ಬಗೆಯ ಉತ್ತರವಿದೆ, ಒಂದೋ ಇಲ್ಲಿಯೇ ಸಿಗುತ್ತದೆ, ಇಲ್ಲವೇ ಪರಲೋಕಕ್ಕೆ ಉಳಿಯುತ್ತದೆ, ಅಥವಾ ಬರಲಿದ್ದ ಕೇಡೊಂದು ತಪ್ಪುತ್ತದೆ ಎಂದು ನಾವೆಲ್ಲ ಕೇಳಿದ್ದೇವೆ. ನಿಜ. ಆದರೆ ಮನೆ ಕಳಕೊಂಡವಳ ಬಾಯಿ ಮುಚ್ಚಿಸಲು ಆ ಹದೀಸನ್ನು ಅವಸರದಿಂದ ಹೇಳಿಬಿಡುವುದಿದೆಯಲ್ಲ, ಅದು ನನಗೆ ಸೇರುವುದಿಲ್ಲ. ಯಾಕೂಬ್(ಅ) ಅತ್ತು ಅತ್ತು ಕಣ್ಣು ಕಳಕೊಂಡರು, ತನ್ನ ದುಃಖವನ್ನು ಅಲ್ಲಾಹನಲ್ಲೇ ತೋಡಿಕೊಂಡರು. ಸಬ್ರ್‌ಗೆ ನಾವು ಕೊಡುವ ಉದಾಹರಣೆಗಳಲ್ಲಿ ಅವರೂ ಒಬ್ಬರು.

ಇನ್ನು ಹೊಳೆಯ ಲೆಕ್ಕ. ಅಥಣಿ ಕಡೆ ವರ್ಷಕ್ಕೆ ಬೀಳುವ ಮಳೆ ಸುಮಾರು 500-600 ಮಿ.ಮೀ. ಕೃಷ್ಣೆ ಹುಟ್ಟುವ ಮಹಾಬಳೇಶ್ವರದಲ್ಲಿ ಅದು 5000 ಮಿ.ಮೀ. ದಾಟುತ್ತದೆ. ಇಲ್ಲಿ ಬಿಸಿಲು ಹೊಡೆಯುತ್ತಿರುವಾಗಲೇ ಘಟ್ಟದಲ್ಲಿ ಸುರಿದ ನೀರು ಹರಿದುಬರುತ್ತದೆ. ದೂಧಗಂಗಾ, ವೇದಗಂಗಾ, ಪಂಚಗಂಗಾ ಎಲ್ಲವೂ ಕೃಷ್ಣೆಗೆ ಸೇರಬೇಕು. ಕಲ್ಲೋಳ-ಯಡೂರ ಸೇತುವೆ ಮುಳುಗಿತೆಂದರೆ ಘಟ್ಟದಲ್ಲಿ ಜೋರು ಮಳೆ ಎಂದು ಊರವರು ತಿಳಿದುಕೊಳ್ಳುತ್ತಾರೆ. ಒಳ್ಳೆಯದೂ ಕೆಟ್ಟದ್ದೂ ಇಲ್ಲಿಗೆ ಬರುವುದು ಕಣ್ಣಿಗೆ ಕಾಣದ ಜಾಗದಿಂದಲೇ.

ಚಿಕ್ಕೋಡಿಯಿಂದ ಪಶ್ಚಿಮಕ್ಕೆ ಹೋದರೆ ನಿಪ್ಪಾಣಿ. ಪೇಟೆಯ ಕೆಲವು ಓಣಿಗಳಲ್ಲಿ ತಂಬಾಕಿನ ಘಾಟು ಮೂಗಿಗೆ ಬಡಿಯುತ್ತದೆ. ಬೀಡಿ ಕಟ್ಟುವ ಕಷ್ಟ ಕರಾವಳಿಯ ಓದುಗರಿಗೆ ಹೊಸದಲ್ಲ. ಮೊಣಕಾಲ ಮೇಲೆ ಮೊರ, ಸಾವಿರ ಬೀಡಿಗೆ ಇಷ್ಟೆಂದು ಮಜೂರಿ. ಇಲ್ಲಿ ಅದರ ಜೊತೆಗೆ ತಂಬಾಕು ಕುಟ್ಟಿ, ಜರಡಿ ಹಿಡಿಯುವ ವಖಾರಿಗಳೂ ಇದ್ದವು. ದೂಳು ನುಂಗಿ ಕೆಮ್ಮುತ್ತಾ ದುಡಿಯುತ್ತಿದ್ದವರು ಹೆಂಗಸರು. ಮಾಲಕರ ಕೃಪೆಗೆ ಕಾದು ಕೂತು ವರ್ಷಗಳು ಕಳೆದಿದ್ದವು. 1980ರ ಸುಮಾರಿಗೆ ಅವರು ಸಂಘ ಕಟ್ಟಿಕೊಂಡರು, ಸಾವಿರಾರು ಮಂದಿ ಬೀದಿಗಿಳಿದು ಕೂಲಿ ಕೇಳಿದರು. 1982ರಲ್ಲಿ ಯುಗಾಂತರ್ ತಂಡದ ಮಹಿಳೆಯರು 'ತಂಬಾಕು ಚಾಕಿಲಾ ಊಬ್ ಆಲಿ' ಎಂಬ ಸಾಕ್ಷ್ಯಚಿತ್ರದಲ್ಲಿ ಅವರನ್ನು ತೋರಿಸಿದರು. ಅದರಲ್ಲಿ ಆ ಹೆಂಗಸರು ಮಾತಾಡುವುದನ್ನು ನೀವು ನೋಡಬೇಕು. ಬೇಡುವುದು, ದುಡಿಯುವುದು, ಹಕ್ಕು ಕೇಳುವುದು ಬೇರೆ ಬೇರೆ ಕೆಲಸ ಎಂದು ಅವರಿಗೆ ಅನ್ನಿಸಿದ್ದಂತೆ ಕಾಣುವುದಿಲ್ಲ.

ನಮ್ಮ ಹಾಜಿರಾ(ಅ) ಕೂಡಾ ಕೂತು ಬೇಡಲಿಲ್ಲವಲ್ಲ! ಸಫಾದಿಂದ ಮರ್ವಾಗೆ, ಮರ್ವಾದಿಂದ ಸಫಾಗೆ ಏಳು ಸಲ ಓಡಿದರು. ನೀರು ಚಿಮ್ಮಿದ್ದು ಅವರು ಓಡಿದ ದಾರಿಯಲ್ಲಲ್ಲ, ಮಗು ಮಲಗಿದ್ದ ಕಡೆ. ಆದರೂ ಹಜ್ಜ್‌ಗೆ ಹೋದವರು ಇಂದಿಗೂ ಓಡುವುದು, ನೀರು ಸಿಗದ ಆ ದಾರಿಯಲ್ಲೇ.

ಅಥಣಿಯ ಪೂರ್ವಕ್ಕೆ ತೆಲಸಂಗದ ಕಡೆ ಹೋದರೆ ಕಬ್ಬು ಹಿಂದೆ ಸರಿದು ಒಣ ಹೊಲ ಕಾಣುತ್ತದೆ. 2019ರ ಆಗಸ್ಟ್‌ನಲ್ಲಿ ತಾಲೂಕಿನ ಒಂದು ಮಗ್ಗುಲು ಮುಳುಗಿದ್ದಾಗ ಈ ಮಗ್ಗುಲು ಮಳೆಗಾಗಿ ಮುಗಿಲು ನೋಡುತ್ತಿತ್ತು. ಕಾಗವಾಡ ಕಡೆಯ ಒಣ ಊರುಗಳಿಗೆಂದು ಯೋಜಿಸಿದ ಖಿಳೇಗಾಂವ ಬಸವೇಶ್ವರ ಏತ ನೀರಾವರಿಗಾಗಿ ರೈತರು ವರ್ಷಗಟ್ಟಲೆ ಕಾದರು, ಅರ್ಜಿ ಬರೆದರು, ಧರಣಿ ಕೂತರು. ಒಂದೇ ಹೊಳೆಯ ಬಗ್ಗೆ ಒಬ್ಬರು 'ತಾ' ಎಂದು, ಇನ್ನೊಬ್ಬರು 'ತಡೆ' ಎಂದು ಒಂದೇ ರಾತ್ರಿ ಬೇಡಿದರೆ ಕೇಳುವವನಿಗೆ ಇಬ್ಬರೂ ಬೇಕಾದವರೇ.

'ಬೇಡಿದೆ, ಸಿಗಲಿಲ್ಲ' ಎಂದು ಅವಸರಪಟ್ಟು ಕೈಬಿಡದವರೆಗೆ ದುಆ ಸ್ವೀಕಾರವಾಗುತ್ತದೆ ಎಂದು ಪ್ರವಾದಿವರ್ಯರು(ಸ) ತಿಳಿಸಿದ್ದಾರೆ. ಆಡು ಸಾಕುವ ಆ ತಾಯಿಗೆ ನಾನು ಇಷ್ಟನ್ನು ಹೇಳಿದೆ. ಅವರು ತಲೆಯಾಡಿಸಿದರು, ಒಪ್ಪಿದರೋ ಇಲ್ಲವೋ ತಿಳಿಯಲಿಲ್ಲ. 2021ರ ಜುಲೈನಲ್ಲಿ, ಬಕ್ರೀದ್ ಮುಗಿದ ಮರುದಿನಗಳಲ್ಲೇ, ಹೊಳೆ ಮತ್ತೆ ಉಕ್ಕಿತ್ತು. ಈಗ ಅವರ ಮನೆಯ ಬುನಾದಿ ಹಿಂದಿನದಕ್ಕಿಂತ ಮೂರು ಅಡಿ ಎತ್ತರವಿದೆ, ಹತ್ತಲು ಹೊಸದಾಗಿ ನಾಲ್ಕು ಮೆಟ್ಟಿಲು. ಅಸರ್ ಬಾಂಗ್ ಕೇಳಿದೊಡನೆ ಅವರು ಆಡುಗಳನ್ನು ಮೇಲಿನ ಕಟ್ಟೆಗೆ ಕಟ್ಟಿ, ವುಝೂಗೆ ನೀರು ತೆಗೆದುಕೊಂಡರು.